ದಕ್ಷಿಣಕ್ಕೆ ಅರವತ್ತು ಹೆಜ್ಜೆ

ಲಗ್ರೇಂಜ್ ಕೌಂಟಿ, ಇಂಡಿಯಾನಾ
ಸೋಮವಾರ, 10 ನವೆಂಬರ್ 1997

ಪ್ರೀತಿಯ ಸಲೋಮಾ ಅಕ್ಕನಿಗೆ,

ಬಟ್ಟೆ ಒಗೆದು ಹಗ್ಗದ ಮೇಲೆ ಹರವಿ ಈಗಷ್ಟೇ ಬಂದು ಕೂತೆ. ಗಾಳಿ ಚೆನ್ನಾಗಿದೆ, ಊಟದ ಹೊತ್ತಿಗೆ ಒಣಗಿರುತ್ತದೆ. ನನ್ನ ಗಂಡ ಓರ್ಲಿಯ ಮಣ್ಣಿಗೆ ಬರಲಾಗಲಿಲ್ಲ ಎಂದು ಮೂರು ಕಾಗದದಲ್ಲೂ ಅತ್ತಿದ್ದೀಯ. ಸಾಕು ಮಾಡು. ಒಂದು ಕಾಲು ಮುರಿದುಕೊಂಡವಳು ಅಯೋವಾದಿಂದ ನಾನೂರು ಮೈಲಿ ಬಂದು ಇನ್ನೊಂದನ್ನೂ ಮುರಿದುಕೊಳ್ಳಬೇಕಿತ್ತೇ?

ನಡೆದದ್ದನ್ನು ನೀನು ಹತ್ತು ಬಾಯಲ್ಲಿ ಹತ್ತು ಥರ ಕೇಳಿರುತ್ತೀಯ. ಆದದ್ದು ಇಷ್ಟು. ಕುದುರೆ ಬಂಡಿ ಹೋಗದಷ್ಟು ದೂರಕ್ಕೆ ನಮ್ಮ ಜನರನ್ನು ವ್ಯಾನಿನಲ್ಲಿ ಆಸ್ಪತ್ರೆಗೆ, ಮದುವೆಗೆ ಕರೆದೊಯ್ಯುತ್ತಿದ್ದ ಡ್ವೇನ್ ಪ್ರೂಯಿಟ್ ಗೊತ್ತಲ್ಲ, ಹೋದ ವರ್ಷ ನಿನ್ನನ್ನು ಬಸ್ಸಿಗೆ ಬಿಟ್ಟು ಬಂದವನು. ಕುಡಿತಕ್ಕೆ ಬಿದ್ದು ವ್ಯಾನು ಕಳೆದುಕೊಂಡಿದ್ದ. ಅಕ್ಟೋಬರ್ ಹದಿನಾಲ್ಕರ ಬೆಳಿಗ್ಗೆ ಓರ್ಲಿಯ ಲಗಾಮಿನ ಅಂಗಡಿಗೆ ಪಿಸ್ತೂಲು ಹಿಡಿದು ಬಂದು ಗಲ್ಲಾಪೆಟ್ಟಿಗೆ ಕೇಳಿದ. ಓರ್ಲಿ ಎದ್ದು ನಿಂತನೋ, ಅವನ ಬೆರಳು ಜಾರಿತೋ, ಗುಂಡು ಹಾರಿತು, ನೋಡಿದವರಿಲ್ಲ. ನಾನು ಓಡಿಹೋಗುವಷ್ಟರಲ್ಲಿ ಓರ್ಲಿ ಹೊಲಿಗೆಯಂತ್ರದ ಪಕ್ಕದಲ್ಲಿ ಬಿದ್ದಿದ್ದ. ಡ್ವೇನ್ ಒಳಗೇ ಗೋಡೆಗೆ ಒರಗಿ ಕೂತಿದ್ದ, ಓಡಿಯೂ ಹೋಗಿರಲಿಲ್ಲ.

ಮೂರನೆಯ ದಿನ ನಾನು, ಮಾವ, ಹೆಣ್ಣುಮಕ್ಕಳಿಬ್ಬರು ಕೋಳಿ ಶಾವಿಗೆ ಮಾಡಿಕೊಂಡು ಡ್ವೇನ್‌ನ ತಾಯಿಯ ಮನೆಗೆ ಹೋದೆವು. ಆಕೆ ಬಾಗಿಲು ತೆಗೆಯಲು ಹೆದರಿದರು. ನಾನೇ ಮುಂದೆ ನಿಂತು ಹೇಳಿದೆ: “ನಿಮ್ಮ ಮಗನ್ನ ನಾವು ಕ್ಷಮಿಸಿದೀವಿ. ಅವನ ಮೇಲೆ ನಮಗೇನೂ ದ್ವೇಷ ಇಲ್ಲ.” ಆಕೆ ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತರು. ಅದು ಪತ್ರಿಕೆಯಲ್ಲೂ ಬಂತು, “ಕೊಲೆಗಾರನನ್ನು ಕ್ಷಮಿಸಿದ ಆಮಿಶ್ ವಿಧವೆ” ಎಂದು. ನಿನಗೂ ಯಾರಾದರೂ ಓದಿ ಹೇಳಿರಬೇಕು.

ಹೋದ ವಾರ ಸರ್ಕಾರಿ ವಕೀಲರು ಬಂದಿದ್ದರು. ಒಳ್ಳೆಯ ಮನುಷ್ಯ, ಬೂಟು ಬಾಗಿಲಲ್ಲೇ ಬಿಟ್ಟರು. “ನಾವು ಮರಣದಂಡನೆ ಕೇಳ್ತೀವಿ” ಎಂದರು. “ನಮ್ಮ ಜನ ಅದನ್ನ ಕೇಳಲ್ಲ” ಎಂದೆ. “ನೀವು ಕೇಳ್ಬೇಕಾಗಿಲ್ಲಮ್ಮ. ಇಂಡಿಯಾನಾದ ಕಾನೂನು ಕೇಳುತ್ತೆ” ಎಂದರು. ಮಾವ ಕಿಟಕಿಯ ಕಡೆ ತಿರುಗಿ ಕೂತಿದ್ದರು.

ಸೇಬಿನ ಗೊಜ್ಜು ಈ ಸಲ ಕೈಗೆ ಸರಿಯಾಗಿ ಬಂದಿದೆ. ಅಂಟಂಟಾಗಿ, ಕಪ್ಪಾಗಿ, ಅಮ್ಮ ಮಾಡುತ್ತಿದ್ದ ಹಾಗೆ. ಯಾರಾದರೂ ಆ ಕಡೆ ಬಂದರೆ ಎರಡು ಜಾಡಿ ಕಳಿಸುತ್ತೇನೆ.

ನಿನ್ನ ತಂಗಿ
ಲವೀನಾ


ಕಾಲೋನಾ ಹತ್ತಿರ, ಅಯೋವಾ
24 ನವೆಂಬರ್ 1997

ಲವೀನಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಗಾಳಿ, ಗೊಜ್ಜು, ಮಾವ, ವಕೀಲರ ಬೂಟು, ಎಲ್ಲವೂ ಇದೆ. ನೀನೊಬ್ಬಳೇ ಎಲ್ಲೂ ಇಲ್ಲ.

ನಾನು ಇಲ್ಲಿ ಕಾಲು ನೀಡಿಕೊಂಡು ರಾಣಿಯ ಹಾಗೆ ಕೂತಿದ್ದೇನೆ. ಸೊಸೆಯರು ಗಿಣ್ಣು ಮಾಡುವುದನ್ನು ನೋಡಿ ಬಾಯಿ ಬಿಗಿಹಿಡಿದಿದ್ದೇನೆ. ನಾನು ಬಿದ್ದ ಆ ಮೆಟ್ಟಿಲು ಹಳತಾಗಿತ್ತು, ಬದಲಾಯಿಸಿ ಎಂದು ನಿನ್ನ ಭಾವನಿಗೆ ಎರಡು ವರ್ಷದಿಂದ ಹೇಳುತ್ತಿದ್ದೆ. ಈಗ ಬದಲಾಯಿಸಿದ್ದಾರೆ, ನನ್ನ ಕಾಲು ಕೊಟ್ಟು.

ಹಾಲಿನ ಲಾರಿಯವನು ಮೊನ್ನೆ ನಿನ್ನ ಸುದ್ದಿ ತೆಗೆದ. “ನಿಮ್ಮ ತಂಗಿ ಊರಲ್ಲಿ ಅವನನ್ನ ಸಾಯಿಸ್ತಾರಂತೆ?” ಎಂದ.

“ಹಂಗಂತೆ. ಇಲ್ಲಾಗಿದ್ರೆ?”

“ಇಲ್ಲಿ ಆ ಕಾನೂನು ತೆಗ್ದು ಮೂವತ್ತು ವರ್ಷದ ಮೇಲಾಯ್ತು. ಸಾಯೋ ತನಕ ಜೈಲು, ಅಷ್ಟೆ. ನಡುವೆ ಇಲಿನಾಯ್ ಬರುತ್ತಲ್ಲ, ಅಲ್ಲಿ ಸಾಯಿಸ್ತಾರೆ. ನಿಮ್ಮ ತಂಗಿ ಹೊಲದ ಆಚೆಗಿರೋ ಮಿಶಿಗನ್ನಲ್ಲಿ ನೂರೈವತ್ತು ವರ್ಷದಿಂದ ಇಲ್ಲ.”

“ಮತ್ತೆ ಇಂಡಿಯಾನಾದಲ್ಲಿ ಯಾಕಿದೆ?”

“ಅವರನ್ನೇ ಕೇಳಿ. ನಾನು ಹಾಲು ಒಯ್ಯೋನು” ಎಂದು ಲಾರಿ ಹತ್ತಿದ.

ದಿನವೆಲ್ಲ ಅದೇ ತಲೆಯಲ್ಲಿತ್ತು ಲವೀನಾ. ದೇಶ ಒಂದು, ಓದುವ ಬೈಬಲ್ ಒಂದು, ಕೊಂದ ಪಾಪವೂ ಒಂದೇ. ಬಂಡಿ ಬೇಲಿಯ ಆಚೆಗೆ ಹೋದರೆ ಬದುಕು, ಈಚೆಗೆ ಬಂದರೆ ಸಾವು. ಇದನ್ನು ಯಾರು ಕೂತು ಗೆರೆ ಎಳೆದರು?

ಒಂದು ಕೇಳುತ್ತೇನೆ, ಉತ್ತರ ಕೊಡು. ಪಾದ್ರಿಗಳ ಮುಂದೆ ಹೇಳುವ ಹಾಗೆ ಬೇಡ, ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವಳಿಗೆ ಹೇಳುವ ಹಾಗೆ ಹೇಳು. ಅವನನ್ನು ಸಾಯಿಸಿದರೆ ನಿನಗೆ ಹೇಗಾಗುತ್ತದೆ?

ನಿನ್ನ ಅಕ್ಕ
ಸಲೋಮಾ


ಲಗ್ರೇಂಜ್ ಕೌಂಟಿ, ಇಂಡಿಯಾನಾ
ಸೋಮವಾರ, 2 ಫೆಬ್ರವರಿ 1998

ಪ್ರೀತಿಯ ಅಕ್ಕನಿಗೆ,

ಎರಡು ತಿಂಗಳು ಕಾಗದ ಬರೆಯಲಿಲ್ಲವೆಂದು ಬೈದುಕೊಳ್ಳಬೇಡ. ಚಳಿ ವಿಪರೀತ. ಒಗೆದ ಪ್ಯಾಂಟುಗಳು ಹಗ್ಗದ ಮೇಲೆ ಹಲಗೆಯಂತೆ ನಿಂತಿವೆ. ಓರ್ಲಿಯವು ಅಲ್ಲ, ಮಾವನವು.

ಹೊಸ ಸುದ್ದಿಯೆಂದರೆ ನಮ್ಮ ಮನೆಗೆ ಒಬ್ಬ ಸರ್ವೆಯರ್ ಬಂದಿದ್ದರು. ಓಸ್ಟರ್‌ಹೌಸ್ ಎಂದು, ಎಪ್ಪತ್ತು ದಾಟಿದವರು, ತೆಂಗಿನಮರದುದ್ದ ಎಂದು ಪುಸ್ತಕದಲ್ಲಿ ಓದಿದ್ದೆವಲ್ಲ, ಹಾಗಿದ್ದಾರೆ. ಬಾಗಿಲಲ್ಲಿ ಬಗ್ಗಿ ಬರಬೇಕು. ಡ್ವೇನ್ ಪರವಾಗಿ ಕೋರ್ಟು ನೇಮಿಸಿದ ವಕೀಲೆ ಎರಡು ಹಳೆಯ ನಕ್ಷೆ ಹಿಡಿದು, ನಮ್ಮ ಹೊಲದ ಹತ್ತಿರ ರಾಜ್ಯದ ಗಡಿ ಒಂದಕ್ಕೊಂದು ಹೊಂದುವುದಿಲ್ಲ ಎಂದಿದ್ದಾರಂತೆ. ಅಂಗಡಿ ಗಡಿಬೇಲಿಗೆ ಅಷ್ಟು ಹತ್ತಿರವಿದೆಯಲ್ಲ. ಗಡಿ ಎಲ್ಲಿದೆ ಎಂದು ನೋಡಿ ಹೇಳಲು ನ್ಯಾಯಾಧೀಶರು ಇವರನ್ನು ಕಳಿಸಿದ್ದಾರೆ. ಅಂಗಡಿ ಇಂಡಿಯಾನಾದಲ್ಲಿದ್ದರೆ ಮಂಚಕ್ಕೆ ಕಟ್ಟಿ ವಿಷದ ಸೂಜಿ. ಮಿಶಿಗನ್‌ನಲ್ಲಿದ್ದರೆ ಸಾಯುವ ತನಕ ಜೈಲು.

ಅಂಗಡಿ ಇಂಡಿಯಾನಾದಲ್ಲಿದೆ ಎಂದು ನಮಗೆಲ್ಲ ಗೊತ್ತೇ ಇದೆ, ಕಂದಾಯ ಕಟ್ಟುವುದೇ ಇಲ್ಲಿ ಎಂದೆ. ಅವರು ಕಡುಬಿನ ಎರಡನೆಯ ತುಂಡು ಹಾಕಿಸಿಕೊಂಡು ನಕ್ಕರು.

“ಕಂದಾಯ ಕಟ್ಟಿದ್ರೆ ಗಡಿ ಬದಲಾಗಲ್ಲ ತಾಯಿ. ನನ್ನ ಕೆಲಸದ ಕಟ್ಟಳೆ ಕೇಳಿದ್ರೆ ನಗ್ತೀರಿ. ನೂರ ಎಪ್ಪತ್ತು ವರ್ಷದ ಹಿಂದೆ ಮೊದಲನೇ ಸರ್ವೆಯರ್ ಕಾಡಲ್ಲಿ ನಡ್ಕೊಂಡು ಬಂದು ಮೈಲಿಗೊಂದು ಮರದ ಗೂಟ ಹೊಡ್ದ. ಜೌಗಲ್ಲಿ ದಿಕ್ಸೂಚಿ ಮುಳ್ಳು ಅಲ್ಲಾಡ್ತೋ, ಜ್ವರ ಬಂದಿತ್ತೋ, ಕುಡಿದಿದ್ನೋ. ಗೂಟ ಸೊಟ್ಟ ಬಿತ್ತು. ಆದ್ರೆ ಅವನು ಹೊಡೆದ ಜಾಗವೇ ಗಡಿ. ನಾನು ಎಷ್ಟೇ ಒಳ್ಳೆ ಯಂತ್ರ ತಂದ್ರೂ ಅವನ ತಪ್ಪನ್ನ ತಿದ್ದೋ ಅಧಿಕಾರ ನನಗಿಲ್ಲ. ಅವನ ಹೆಜ್ಜೆ ಹುಡುಕೋದಷ್ಟೇ ನನ್ನ ಕೆಲಸ.”

“ಗೂಟ ಕೊಳೆತುಹೋಗಿರಲ್ವಾ?”

“ಕೊಳೆತಿರುತ್ತೆ. ಮಣ್ಣಲ್ಲಿ ಕಪ್ಪು ಕಲೆ ಉಳಿದಿರುತ್ತೆ. ಕೆಲವು ಕಡೆ ಆಮೇಲೆ ಬಂದ ಒಕ್ಕಲಿನವರು ಗೂಟದ ಜಾಗದಲ್ಲಿ ಬಾಂದುಕಲ್ಲು ನಿಲ್ಲಿಸಿದಾರೆ. ಹಿಮ ಕರಗಲಿ, ಬಂದು ಹುಡುಕ್ತೀನಿ.”

ಮಾವ ಕಾಫಿ ಅರ್ಧಕ್ಕೇ ಬಿಟ್ಟು ದನದ ಕೊಟ್ಟಿಗೆಗೆ ಹೋದರು. ಆ ಹೊತ್ತಿನಲ್ಲಿ ಕೊಟ್ಟಿಗೆಯಲ್ಲಿ ಏನೂ ಕೆಲಸ ಇರಲಿಲ್ಲ.

ನೀನು ಕೇಳಿದ್ದಕ್ಕೆ ಇನ್ನೊಮ್ಮೆ ಬರೆಯುತ್ತೇನೆ. ಬಟ್ಟೆ ತರಬೇಕು.

ಲವೀನಾ


ಲಗ್ರೇಂಜ್ ಕೌಂಟಿ, ಇಂಡಿಯಾನಾ
ಸೋಮವಾರ, 23 ಮಾರ್ಚ್ 1998

ಅಕ್ಕಾ,

ಇದನ್ನು ನಿನ್ನ ಸೊಸೆಯರ ಮುಂದೆ ಗಟ್ಟಿಯಾಗಿ ಓದಬೇಡ. ಒಬ್ಬಳೇ ಓದು.

ಓಸ್ಟರ್‌ಹೌಸ್ ಅವರು ಹೋದ ವಾರ ಬಂದು ಮೂರು ದಿನ ಕೆಲಸ ಮಾಡಿದರು. ಅಂಗಡಿಯ ಉತ್ತರಕ್ಕೆ, ಪಕ್ಕದ ಹೊಲದ ಹೇಝಲ್ ಕ್ರೇಮರ್ ಅವರ ಬೇಲಿಯ ಬುಡದಲ್ಲಿ ಬಾಂದುಕಲ್ಲು ಸಿಕ್ಕಿತು. ಪೂರ್ವದ ಕಲ್ಲಿಗೂ ಪಶ್ಚಿಮದ ಕಲ್ಲಿಗೂ ನೂಲು ಹಿಡಿದಷ್ಟು ನೇರ. ಸಣ್ಣ ಕರಣೆಯಲ್ಲಿ ಕೇಕಿನ ಮೇಲಿನ ಬೆಣ್ಣೆ ತೆಗೆಯುವ ಹಾಗೆ ಮಣ್ಣು ಕೆರೆದು ನೋಡಿದರು. ಗೂಟದ ಕಲೆ ಮಾತ್ರ ಕಾಣಲಿಲ್ಲ. ಮಂಡಿಯ ಮಣ್ಣು ಕೊಡವಿಕೊಂಡು ಎದ್ದು ಮಾವನನ್ನು ಕೇಳಿದರು:

“ಮೆನ್ನೊ, ನಿಮ್ಮಪ್ಪ ಈ ಕಲ್ಲಿನ ವಿಷಯ ಏನಾದ್ರೂ ಹೇಳ್ತಿದ್ರಾ?”

ಮಾವ ಹೇಳಿದರು: “ನಮ್ಮಪ್ಪ ಭಾರಿ ನೇರವಾದ ಮನುಷ್ಯ.”

“ಕಲೆ ಇಲ್ಲ. ಆದ್ರೆ ಕಲ್ಲು ಇದೆ, ಸಾಲಿಗೂ ಕೂತಿದೆ. ಕೋರ್ಟಿಗೆ ಕಣ್ಣಿಗೆ ಕಾಣೋದು ಬೇಕು. ಅಂಗಡಿ ಇಂಡಿಯಾನಾ ಅಂತಲೇ ಬರೀಬೇಕಾಗುತ್ತೆ. ತಿಂಗಳ ಕೊನೆಯಾದ ಮೇಲೆ ವರದಿ ಕೊಡ್ತೀನಿ.” ಅಷ್ಟು ಹೇಳಿ ಅವರು ಟೋಪಿ ಹಾಕಿಕೊಂಡರು. ಅವರಿಗೆ ಬೇಸರವಾಗಿತ್ತು, ಕಡುಬು ಕೊಟ್ಟರೂ ಬೇಡವೆಂದರು.

ಅಕ್ಕಾ, ಆ ಕಲ್ಲು ಅಲ್ಲಿರಲಿಲ್ಲ. ನಾವು ಮದುವೆಯಾದ ಮೊದಲ ವರ್ಷವೇ ಓರ್ಲಿ ನನಗೆ ಹೇಳಿದ್ದ. 1934ರಲ್ಲಿ ಯೋಸ್ಟ್ ಅಜ್ಜ, ಅಂದರೆ ಮಾವನ ಅಪ್ಪ, ಉಳುವಾಗ ಈ ಕಲ್ಲೊಂದೇ ಸಾಲು ತಪ್ಪಿ ದಕ್ಷಿಣಕ್ಕೆ ಇರುವುದನ್ನು ಕಂಡರಂತೆ. ಅವರಿಗೆ ಸೊಟ್ಟಗಿರುವುದು ಏನೂ ಸೇರುತ್ತಿರಲಿಲ್ಲ. ಸೊಟ್ಟ ಸಾಲು, ಸೊಟ್ಟ ಹೊಲಿಗೆ, ಯಾವುದೂ. ಎರಡು ಕುದುರೆ ಕಟ್ಟಿ, ಮಾವನನ್ನು ಜೊತೆಗೆ ಕರೆದುಕೊಂಡು ಕಲ್ಲನ್ನು ಅರವತ್ತು ಹೆಜ್ಜೆ ಉತ್ತರಕ್ಕೆ ಎಳೆದು ನಿಲ್ಲಿಸಿದರು. ನೇರವಾಯಿತು. ಅದರ ಜೊತೆಗೆ ಕ್ರೇಮರ್ ಮನೆಯವರ ಅಷ್ಟುದ್ದದ ನೆಲವೂ ನಮ್ಮ ಬೇಲಿಯೊಳಗೆ ಬಂತು. ನಾಲ್ಕು ವರ್ಷದ ಮೇಲೆ ಯೋಸ್ಟ್ ಅಜ್ಜ ಬಿಷಪ್ ಆದರು. ಇಪ್ಪತ್ತೊಂಬತ್ತು ವರ್ಷ ಬೋಧನೆ ಮಾಡಿದರು. ನೆರೆಯವನ ಗಡಿಕಲ್ಲು ಕದಲಿಸಬಾರದೆಂಬ ಬೈಬಲ್ಲಿನ ಭಾಗ ಬಂದಾಗಲೆಲ್ಲ ಬೇರೆ ಪಾದ್ರಿಗೆ ಬಿಟ್ಟುಕೊಡುತ್ತಿದ್ದರಂತೆ. ಲಗಾಮಿನ ಅಂಗಡಿ ಎದ್ದದ್ದು ಆ ಅರವತ್ತು ಹೆಜ್ಜೆಯ ನಡುವೆ, ಅಂದರೆ ನಿಜವಾದ ಗಡಿಯ ಉತ್ತರಕ್ಕೆ, ಮಿಶಿಗನ್ ನೆಲದಲ್ಲಿ.

ಈ ವಿಷಯ ಬದುಕಿರುವವರಲ್ಲಿ ಮಾವನಿಗೆ ಮತ್ತು ನನಗೆ ಮಾತ್ರ ಗೊತ್ತು. ನಾವಿಬ್ಬರೂ ಬಾಯಿ ಬಿಡಲಿಲ್ಲ.

ಮಾವ ಅಪ್ಪನ ಮಾನಕ್ಕೆ ಅಂಜಿ ಸುಮ್ಮನಿದ್ದರು. ನಾನೂ ಅದಕ್ಕೇ ಎಂದು ಬರೆದರೆ ನೀನು ನಂಬುತ್ತೀಯ, ಆದರೆ ಅದು ನಿಜವಲ್ಲ. ನೀನು ನವೆಂಬರಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಉತ್ತರ ಇದು. ಓಸ್ಟರ್‌ಹೌಸ್ ಅವರು “ಇಂಡಿಯಾನಾ” ಎಂದಾಗ ನನಗೆ ಸಮಾಧಾನವಾಯಿತು. ಹಸಿದಾಗ ಹೊಟ್ಟೆಗೆ ಬಿಸಿ ಸಾರು ಇಳಿದ ಹಾಗೆ. ಆ ದಿನ ಹಿಟ್ಟು ನಾದುತ್ತ ನಾನು ಹಾಡಿಕೊಂಡೆ. ಡ್ವೇನ್‌ನ ತಾಯಿಯ ಬಾಗಿಲಲ್ಲಿ ನಿಂತು ನಾನು ಹೇಳಿದ್ದು ಬಾಯಿಪಾಠ. ನಮ್ಮವರು ಹಾಗೆ ಹೇಳುತ್ತಾರೆ, ನಾನೂ ಹೇಳಿದೆ. ಪತ್ರಿಕೆಯವರೂ ನಂಬಿದರು.

ಲವೀನಾ


ಕಾಲೋನಾ ಹತ್ತಿರ, ಅಯೋವಾ
28 ಮಾರ್ಚ್ 1998

ಲವೀನಾ, ನನ್ನ ಚಿನ್ನ,

ನಿನ್ನ ಕಾಗದ ಓದಿ ಒಲೆಗೆ ಹಾಕಿದೆ. ಹಾಕುವ ಮೊದಲು ಒಂದಿಷ್ಟು ಅತ್ತೆ, ಆಮೇಲೆ ನಿನ್ನ ಬಗ್ಗೆ ಸಂತೋಷವೂ ಆಯಿತು. ಆರು ತಿಂಗಳ ಮೇಲೆ ನನ್ನ ತಂಗಿ ಕಾಗದದಲ್ಲಿ ಕಾಣಿಸಿಕೊಂಡಳು.

ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಹೇಳು ಅಂದರೆ ಹೇಳುತ್ತೀಯ, ಹೇಳಿ ಪಶ್ಚಾತ್ತಾಪವಾದರೆ ನನ್ನ ತಲೆಗೆ ಕಟ್ಟುತ್ತೀಯ. ಚಿಕ್ಕವಳಿದ್ದಾಗ ಮೊಟ್ಟೆ ಒಡೆದದ್ದನ್ನು ನನ್ನ ಮೇಲೆ ಹಾಕಿದವಳು ನೀನು.

ನಾನು ಓರ್ಲಿಯ ಹೆಂಡತಿಯಾಗಿರಲಿಲ್ಲ. ರಕ್ತ ಒರೆಸಿದವಳು ನಾನಲ್ಲ. ನಿನಗೆ ಆದ ಸಮಾಧಾನ ತಪ್ಪು ಎಂದು ನಾಲ್ಕು ನೂರು ಮೈಲಿ ದೂರದಲ್ಲಿ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಒಂದು ಮಾತ್ರ ನೆನಪಿಸುತ್ತೇನೆ. ಏಪ್ರಿಲ್ ಐದಕ್ಕೆ ನಿಮ್ಮಲ್ಲಿ ಸಮಾಧಾನ ಕೇಳುವ ಸಭೆ ಇದೆಯಲ್ಲ? ಪವಿತ್ರ ಭೋಜನಕ್ಕೆ ಮುಂಚೆ ಒಬ್ಬೊಬ್ಬರನ್ನೇ ಕೇಳಿಕೊಂಡು ಬರುತ್ತಾರೆ, ಎಲ್ಲರ ಜೊತೆ ಸಮಾಧಾನವಾಗಿದ್ದೀಯಾ ಎಂದು. ಅವರಿಗೆ ಏನು ಹೇಳುತ್ತೀಯೋ ಅದನ್ನೇ ನನಗೂ ಬರೆ. ಎರಡು ಬೇರೆ ಬೇರೆ ಇರಬಾರದು ಅಷ್ಟೇ.

ಕಾಲಿನ ಪಟ್ಟಿ ಬಿಚ್ಚಿದರು. ಎರಡೂ ಕಾಲು ಈಗ ಬೇರೆ ಬೇರೆ ಹೆಂಗಸರದ್ದೇನೋ ಎನ್ನುವ ಹಾಗಿವೆ.

ಸಲೋಮಾ


ಲಗ್ರೇಂಜ್ ಕೌಂಟಿ, ಇಂಡಿಯಾನಾ
ಸೋಮವಾರ, 13 ಏಪ್ರಿಲ್ 1998

ಪ್ರೀತಿಯ ಅಕ್ಕನಿಗೆ,

ಇವತ್ತು ಬಟ್ಟೆ ಒಗೆದಿಲ್ಲ. ಮೊದಲು ನಿನಗೆ ಬರೆಯಬೇಕು.

ಸಭೆ ನಮ್ಮ ಚಿಕ್ಕ ಮಗಳ ಮನೆಯ ಕೊಟ್ಟಿಗೆಯಲ್ಲಿ ನಡೆಯಿತು. ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ಬೋಧನೆ. ಆಮೇಲೆ ಪಾದ್ರಿಗಳು ಗಂಡಸರ ಸಾಲಿನಲ್ಲಿ ಕೇಳುತ್ತ ಬಂದರು. ಮಾವ ಎಲ್ಲರಿಗಿಂತ ಹಿರಿಯರು, ಅವರದೇ ಮೊದಲ ಉತ್ತರ. “ಹೂಂ, ಸಮಾಧಾನ ಇದೆ” ಎಂದದ್ದು ನನಗೆ ಕೇಳಿಸಿತು. ಬಹಳ ಸಣ್ಣ ದನಿ. ಒಬ್ಬರಾದ ಮೇಲೆ ಒಬ್ಬರು ಹೂಂ ಎನ್ನುತ್ತ ಹೋದರು. ಆಮೇಲೆ ಹೆಂಗಸರ ಸಾಲು. ನನ್ನ ಮುಂದೆ ಬಂದು ನಿಂತಾಗ ನನ್ನ ಬಾಯಿಂದ ಬಂದದ್ದು “ಇಲ್ಲ.”

ಕೇಳುತ್ತಿದ್ದ ಪಾದ್ರಿ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಬಗ್ಗಿದರು. “ಏನಂದೆ ಲವೀನಾ?”

“ಇಲ್ಲ ಅಂದೆ. ಡ್ವೇನ್ ಪ್ರೂಯಿಟ್‌ನ ಕ್ಷಮಿಸಿದೀನಿ ಅಂತ ಅವನ ತಾಯಿಗೆ ಹೇಳ್ದೆ. ಅದು ಸುಳ್ಳು. ಅವನು ಸಾಯ್ಲಿ ಅಂತ ಆಸೆ ಇಟ್ಕೊಂಡಿದೀನಿ.”

ಕಲ್ಲಿನ ವಿಷಯ ನಾನು ಎತ್ತಲಿಲ್ಲ ಅಕ್ಕಾ. ಅದು ಮಾವನದು ಅನಿಸಿತು.

ಮನೆಗೆ ಬರುವಾಗ ಬಂಡಿಯಲ್ಲಿ ನಾವಿಬ್ಬರೇ. ನಮ್ಮ ಮನೆಯ ತಿರುವು ಬಂದರೂ ಮಾವ ಲಗಾಮು ಎಳೆಯಲಿಲ್ಲ.

“ಮಾವ, ಮನೆ ದಾಟ್ತು.”

“ಗೊತ್ತು. ನೀನು ಎಲ್ಲರ ಮುಂದೆ ಇಲ್ಲ ಅಂದೆ. ನಾನು ಎಂಬತ್ನಾಲ್ಕು ವರ್ಷದವನು, ಹೂಂ ಅಂತ ಸುಳ್ಳು ಹೇಳ್ದೆ. ನಿನ್ನ ಪಕ್ಕ ಕೂತ್ಕೊಳ್ಳೋಕೆ ನಾಚ್ಕೆಯಾಗ್ತಿದೆ ನನಗೆ.”

“ಎಲ್ಲಿಗೆ ಹೋಗ್ತಿದೀವಿ?”

“ಹೇಝಲ್ ಮನೇಲಿ ಫೋನಿದೆ.”

ಹೇಝಲ್ ಹಾಲು ಕರೆಯುವುದನ್ನು ಬಿಟ್ಟು ಬಂದರು. ಮಾವ ಜೀವಮಾನದಲ್ಲಿ ಫೋನು ಮುಟ್ಟಿದವರಲ್ಲ, ಅದೂ ಭಾನುವಾರ. ಹೇಝಲ್ ನಂಬರು ಒತ್ತಿ ಕೈಗೆ ಕೊಟ್ಟರು. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು, ಆಚೆಯ ಊರಿಗೆ ಫೋನಿಲ್ಲದೆಯೇ ಕೇಳಿಸುವಷ್ಟು ಗಟ್ಟಿಯಾಗಿ ಕೂಗಿದರು: “ಓಸ್ಟರ್‌ಹೌಸ್! ನಾನು ಮೆನ್ನೊ! ಆ ಕಲ್ಲು ನಮ್ಮಪ್ಪ ಸರಿಸಿದ್ದು! ನಾನೇ ಕುದುರೆ ಹಿಡಿದಿದ್ದೆ!” ಆಮೇಲೆ ತಿರುಗಿ, “ಹೇಝಲ್, ನಿಮ್ಮ ಮಾವನ ನೆಲ ನಾವು ತಿಂದ್ವಿ. ಅರವತ್ತು ಹೆಜ್ಜೆ. ವಾಪಸ್ ಕೊಡ್ತೀವಿ” ಎಂದರು.

ಹೇಝಲ್ ಕೈ ಒರೆಸಿಕೊಳ್ಳುತ್ತ ಹೇಳಿದರು: “ಅಯ್ಯೋ ನೀವೇ ಇಟ್ಕೊಳಿ ಮೆನ್ನೊ. ಇರೋ ಹುಲ್ಲು ಕೊಯ್ಯೋಕೇ ನನ್ನ ಕೈಲಾಗ್ತಿಲ್ಲ.”

ಮಂಗಳವಾರ ಓಸ್ಟರ್‌ಹೌಸ್ ಅವರು ಬಂದರು. ಎರಡೂ ಕಡೆಯ ವಕೀಲರು ಬಂದರು. ಮಾವ ಕಲ್ಲಿನಿಂದ ದಕ್ಷಿಣಕ್ಕೆ ಹೆಜ್ಜೆ ಹಾಕಿ ಅರವತ್ತು ಎಣಿಸಿ ನಿಂತರು. ಓಸ್ಟರ್‌ಹೌಸ್ ಅವರು ಗಡ್ಡ ಕೆರೆದುಕೊಂಡು ಕೇಳಿದರು, “ನಿಮ್ಮ ಅಪ್ಪ ನಿಮ್ಮಷ್ಟೇ ಎತ್ತರ ಇದ್ರಾ?”

“ಇಲ್ಲ, ಉದ್ದ ಇದ್ರು. ನಿಮ್ಮ ಹಂಗೆ.”

“ಅಂದ್ರೆ ಎಂಬತ್ನಾಲ್ಕು ವರ್ಷದವರ ಹೆಜ್ಜೇಲಿ ಯಾಕಪ್ಪ ಅಳೀತೀರಿ?” ಎಂದು ತಾವೇ ಅಳೆದರು. ಎಲ್ಲರೂ ನಕ್ಕೆವು, ಸರ್ಕಾರಿ ವಕೀಲರೂ.

ಮೊದಲ ಗುಂಡಿಯಲ್ಲಿ ಬರೀ ಜೇಡಿ. ಎರಡನೆಯದರಲ್ಲಿ ಬೇರು. ನಾನು ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದೆ. ಕಲೆ ಸಿಗಲಿ ಎಂದೋ, ಸಿಗದಿರಲಿ ಎಂದೋ, ಕೇಳಿದರೆ ಹೇಳಲಾರೆ. ಮೂರನೆಯದರಲ್ಲಿ ಹಳದಿ ಮಣ್ಣಿನ ನಡುವೆ ನನ್ನ ಅಂಗೈಯಷ್ಟಗಲ ಕಪ್ಪು ಕಲೆ ಬಂತು. ಸುತ್ತ ಕೆರೆದಾಗ ಚೌಕವಾಗಿ ನಿಂತಿತು, ಕೊಡಲಿಯಿಂದ ಕೆತ್ತಿದ ಗೂಟದ ಹಾಗೇ. ಬುಡದಲ್ಲಿ ಚೂರು ಮರ, ಹೊಗೆಸೊಪ್ಪಿನ ಹುಡಿಯ ಹಾಗೆ. ಓಸ್ಟರ್‌ಹೌಸ್ ಅವರು ಟೋಪಿ ತೆಗೆದು ಕೆಳಗಿಟ್ಟು, “ಸಿಕ್ಕಿದೆಯಪ್ಪ ಪುಣ್ಯಾತ್ಮ” ಎಂದು ಆ ಸತ್ತ ಸರ್ವೆಯರನ ಜೊತೆ ಮಾತಾಡಿದರು.

ನಾನು ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕೂತೆ. ಸಂತೋಷವೂ ಆಯಿತು, ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದವು. ಮಾವ ನನ್ನ ಪಕ್ಕ ಕೋಲೂರಿ ನಿಂತು, “ಓರ್ಲಿ ಇದ್ದಿದ್ರೆ ನಾವು ಇಷ್ಟು ದಿನ ತಗೋತಿರಲಿಲ್ಲ” ಎಂದರು. ಅದು ನಿಜ.

ನಿನ್ನೆ ಮಾವ ಸಭೆಯ ಮುಂದೆ ಮಂಡಿಯೂರಿ ತಪ್ಪೊಪ್ಪಿಕೊಂಡರು. ಎಬ್ಬಿಸಲು ಇಬ್ಬರು ಬೇಕಾದರು. ಮೇಲೆದ್ದ ಮೇಲೆ ಬಿಷಪ್ ಮಾವನ ಕೆನ್ನೆಗೆ ಮುತ್ತು ಕೊಟ್ಟರು. ಪವಿತ್ರ ಭೋಜನ ಎರಡು ವಾರ ಮುಂದಕ್ಕೆ ಹೋಗಿದೆ. ನನಗೋಸ್ಕರ, ನನಗೆ ಸಮಯ ಕೊಡಲೆಂದು. ಯಾರೂ ಗೊಣಗಲಿಲ್ಲ.

ಲವೀನಾ


ಕಾಲೋನಾ ಹತ್ತಿರ, ಅಯೋವಾ
20 ಏಪ್ರಿಲ್ 1998

ಲವೀನಾ,

ಮೆನ್ನೊ ಮಾವ ಫೋನಿನಲ್ಲಿ ಕೂಗಿದ್ದನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಎಲ್ಲರ ಮುಂದೆ ಇಲ್ಲ ಅಂದೆಯಲ್ಲ ಮಾರಾಯ್ತಿ. ನನಗಾಗಿದ್ದರೆ ಧೈರ್ಯ ಬರುತ್ತಿರಲಿಲ್ಲ. ಬಾಯಿ ಜೋರು ನನ್ನದು, ಧೈರ್ಯ ನಿನ್ನದು. ಅಮ್ಮ ಇದನ್ನು ಹೇಳುತ್ತಿದ್ದಾಗ ನನಗೆ ಉರಿಯುತ್ತಿತ್ತು.

ನೀನು ಪವಿತ್ರ ಭೋಜನಕ್ಕೆ ಕೂರುವ ದಿನ ನಿನ್ನ ಪಕ್ಕದಲ್ಲಿ ನಾನಿರಬೇಕು. ವ್ಯಾನು ಗೊತ್ತುಮಾಡಿದ್ದೇನೆ. ಕೋಲೂರಿಕೊಂಡು ಬರುತ್ತೇನೆ, ನೋಡಿ ನಗಬೇಡ.

ಸಲೋಮಾ


ಲಗ್ರೇಂಜ್ ಕೌಂಟಿ, ಇಂಡಿಯಾನಾ
ಸೋಮವಾರ, 14 ಸೆಪ್ಟೆಂಬರ್ 1998

ಪ್ರೀತಿಯ ಅಕ್ಕನಿಗೆ,

ಟೊಮೇಟೊ ಮುಗಿಯುವ ಹಾಗೆ ಕಾಣುತ್ತಿಲ್ಲ. ನೀನು ಮೇ ತಿಂಗಳಲ್ಲಿ ಬಂದು ನೆಟ್ಟ ಸಾಲೇ ಎಲ್ಲಕ್ಕಿಂತ ಹೆಚ್ಚು ಬಿಟ್ಟಿದೆ. ಸಾಲು ಸೊಟ್ಟಗಿದೆ, ಮಾವ ದಿನವೂ ನೋಡುತ್ತಾರೆ, ಏನೂ ಹೇಳುವುದಿಲ್ಲ.

ಇಲ್ಲಿಯ ನ್ಯಾಯಾಧೀಶರು ಜೂನ್‌ನಲ್ಲೇ ಮೊಕದ್ದಮೆ ತಮ್ಮದಲ್ಲ ಎಂದು ಬಿಟ್ಟುಕೊಟ್ಟಿದ್ದರಲ್ಲ. ಮಿಶಿಗನ್ ಕೋರ್ಟಿನಲ್ಲಿ ಡ್ವೇನ್ ಹೋದ ಬುಧವಾರ ತಪ್ಪು ಒಪ್ಪಿಕೊಂಡ. ಸಾಯುವ ತನಕ ಜೈಲು. ಬಿಡುಗಡೆಯ ಮಾತಿಲ್ಲ. ಸರ್ಕಾರಿ ವಕೀಲರು ಇನ್ನೊಮ್ಮೆ ಮನೆಗೆ ಬಂದಿದ್ದರು. ಬೂಟು ಬಾಗಿಲಲ್ಲೇ ಬಿಟ್ಟು ಕಾಫಿ ಕುಡಿದರು.

“ಅದೇ ಮನುಷ್ಯ, ಅದೇ ಗುಂಡು. ನೂರೆಂಬತ್ತು ಅಡಿ ಆಚೆಗಾಯ್ತು ಅಂತ ಜೀವ ಉಳೀತು. ನಿಮಗೆ ಇದು ನ್ಯಾಯ ಅನ್ಸುತ್ತಾ?” ಎಂದು ಕೇಳಿದರು. ಕೋಪದಿಂದಲ್ಲ, ನಿಜವಾಗಿಯೇ ಕೇಳಿದರು.

“ನನಗೆ ಗೊತ್ತಿಲ್ಲ. ಈಚೆಗಾಗಿದ್ರೆ ಅಂತ ನ್ಯಾಯ ಏನಿತ್ತು?” ಎಂದೆ. ಎರಡು ಬುಟ್ಟಿ ಟೊಮೇಟೊ ಕೊಟ್ಟು ಕಳಿಸಿದೆ.

ಅಂಗಡಿಯನ್ನು ದೊಡ್ಡ ಅಳಿಯ ನಡೆಸುತ್ತಿದ್ದಾನೆ. ನಾನು ದಿನಾ ಎರಡು ಗಂಟೆ ಲಗಾಮಿನ ಪಟ್ಟಿ ಹೊಲಿಯುತ್ತೇನೆ. ಆ ಯಂತ್ರದ ಪಕ್ಕ ಕೂರಲು ಆಗುವುದಿಲ್ಲವೇನೋ ಅಂದುಕೊಂಡಿದ್ದೆ, ಆಗುತ್ತದೆ. ರಾತ್ರಿ ನಿದ್ದೆ ಬರುತ್ತದೆ. ನಾನು ಚೆನ್ನಾಗಿದ್ದೇನೆ ಅಕ್ಕಾ, ಇದನ್ನು ಕಾಗದಕ್ಕಾಗಿ ಬರೆಯುತ್ತಿಲ್ಲ.

ಡ್ವೇನ್‌ಗೆ ಒಂದು ಕಾಗದ ಬರೆಯಬೇಕೆಂದಿದ್ದೇನೆ. ಮೂರು ಸಲ ಕೂತು ಎದ್ದೆ.

ನಿನ್ನ
ಲವೀನಾ


ಲಗ್ರೇಂಜ್ ಕೌಂಟಿ, ಇಂಡಿಯಾನಾ
ಸೋಮವಾರ, 19 ಅಕ್ಟೋಬರ್ 1998

ಡ್ವೇನ್ ಪ್ರೂಯಿಟ್‌ಗೆ,

ನಾನು ಓರ್ಲಿಯ ಹೆಂಡತಿ ಲವೀನಾ. ನಿನ್ನ ವಿಳಾಸ ನಿನ್ನ ತಾಯಿ ಕೊಟ್ಟರು. ಅವರು ಆರೋಗ್ಯವಾಗಿದ್ದಾರೆ. ಗುರುವಾರಗಳಲ್ಲಿ ನಮ್ಮ ಮನೆಗೆ ಬರುತ್ತಾರೆ, ನಾನು ಅವರಿಗೆ ಕೌದಿ ಹೊಲಿಯಲು ಹೇಳಿಕೊಡುತ್ತಿದ್ದೇನೆ. ಕೈ ಚುರುಕಿದೆ, ತಾಳ್ಮೆ ಕಡಿಮೆ.

ಇಲ್ಲಿ ಜೋಳದ ಕಟಾವು ಅರ್ಧ ಆಗಿದೆ. ವ್ಯಾನು ಓಡಿಸುವಾಗ ಈ ದಿನಗಳಲ್ಲಿ ನೀನು ನಮ್ಮ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಿದ್ದೆ, ಮೇಪಲ್ ಎಲೆಗಳನ್ನು ನೋಡಬೇಕೆಂದು. ಹಿಂದೆ ಕೂತ ಹೆಂಗಸರು ತಡವಾಯಿತೆಂದು ಬೈಯುತ್ತಿದ್ದೆವು.

ನಾನು ನಿನ್ನನ್ನು ಕ್ಷಮಿಸಿದ್ದೇನೆಂದು ನಿನ್ನ ತಾಯಿಗೆ ಹೇಳಿದ್ದು ನಿನಗೂ ತಲುಪಿರಬಹುದು. ಅದು ಆಗ ನಿಜವಾಗಿರಲಿಲ್ಲ. ಇದನ್ನು ನಿನ್ನ ತಾಯಿಗೆ ಹೇಳಿದ್ದೇನೆ, ನಿನಗೂ ಹೇಳಬೇಕು. ಈಗಲೂ ಪೂರ್ತಿ ನಿಜವಲ್ಲ. ಕ್ಷಮೆ ಕೆಲವು ದಿನ ಬೆಳಿಗ್ಗೆ ಇರುತ್ತದೆ, ಮಧ್ಯಾಹ್ನಕ್ಕೆ ಇರುವುದಿಲ್ಲ. ಓರ್ಲಿಯ ಟೋಪಿ ಕಣ್ಣಿಗೆ ಬಿದ್ದರೆ ಇರುವುದಿಲ್ಲ. ಆದರೆ ಹೋದ ವರ್ಷಕ್ಕಿಂತ ಹೆಚ್ಚು ದಿನ ಇರುತ್ತದೆ. ಅದು ಬರುತ್ತಿದೆ ಎಂದು ನನಗೆ ಗೊತ್ತಾಗುತ್ತಿದೆ. ನಿಧಾನವಾಗಿ ಬರುತ್ತಿದೆ, ನಾನೇನೂ ಚುರುಕಿನ ಹೆಂಗಸಲ್ಲ.

ಅದು ಪೂರ್ತಿ ಬಂದ ದಿನ ನಾನೇ ಅಲ್ಲಿಗೆ ಬಂದು ನಿನ್ನ ಮುಖ ನೋಡಿ ಹೇಳುತ್ತೇನೆ. ಆವರೆಗೆ ನೀನು ಬದುಕಿರಬೇಕು ಡ್ವೇನ್. ಹೊತ್ತಿಗೆ ಸರಿಯಾಗಿ ಊಟ ಮಾಡು.

ಲವೀನಾ